ಹೂ ಕೇಳುವ ಪರೀಕ್ಷೆ

ನನ್ನ ಮಗಳು ವಿಮಾನ ಹತ್ತಬೇಕಾದರೆ ಹದಿನೇಳು ದಾಖಲೆಗಳು ಬೇಕೆಂದು ವೀಸಾ ಏಜೆಂಟರು ಪಟ್ಟಿ ಕೊಟ್ಟಿದ್ದರು. ಹದಿನಾರನ್ನು ನಾನು ನೀಲಿ ಫೈಲಿಗೆ ಸೇರಿಸಿ, ಅದರ ಮೂಲೆಗೆ ಕುಂಕುಮ ಹಚ್ಚಿ, ದೇವರ ಗೂಡಿನಲ್ಲಿ ಇಟ್ಟಾಗಿತ್ತು. ಹದಿನೇಳನೆಯದು ಫೈಲಿನಲ್ಲಿ ಹಿಡಿಸುವಂಥದ್ದಲ್ಲ. ಅದು ಹಜಾರದ ಉಯ್ಯಾಲೆಯ ಮೇಲೆ ಕಾಲು ಚಾಚಿ ಕೂತು ಎಲೆ ಅಡಿಕೆ ಮೆಲ್ಲುತ್ತಿತ್ತು. ಹೆಸರು ಜಾನಕಿಯಮ್ಮ. ನನ್ನ ಅತ್ತೆ.

ಪಟ್ಟಿಯಲ್ಲಿ ಇದ್ದದ್ದು ‘ತಂದೆಯ ಒಪ್ಪಿಗೆ ಪತ್ರ, ಸಹಿಯೊಂದಿಗೆ’ ಎಂದು. ಆದರೆ ನನ್ನ ಗಂಡ ಗುರುಸಾಮಿಯವರು ಸಿಂಗಾನಲ್ಲೂರಿನಲ್ಲಿ ನೂಲಿನ ಅಂಗಡಿ ಇಟ್ಟು ಇಪ್ಪತ್ತು ವರ್ಷವಾದರೂ ಅವರ ಪೆನ್ನಿನ ಮುಚ್ಚಳ ಇನ್ನೂ ಅವರ ಅವ್ವನ ಕೈಯಲ್ಲೇ ಇದೆ. (ಇದನ್ನು ನಾನು ಇಷ್ಟು ಧೈರ್ಯವಾಗಿ ಬರೆಯಲು ಕಾರಣವಿದೆ. ಇಲ್ಲಿಯ ಶಾಲೆಗಳಲ್ಲಿ ಕಲಿಸುವುದು ತಮಿಳು. ನಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಓದಲು ಬರುವುದು ನನಗೊಬ್ಬಳಿಗೇ. ದೇವಿಯ ಸ್ತೋತ್ರ ಓದಲೆಂದು ಬಾಲಬೋಧೆ ಇಟ್ಟುಕೊಂಡು ನಾನೇ ಕಲಿತ ಅಕ್ಷರ ಇಂಥ ಕೆಲಸಕ್ಕೂ ಒದಗುತ್ತದೆ ಎಂದು ಆಗ ಗೊತ್ತಿರಲಿಲ್ಲ.)

ಮಗಳು ಕಾರ್ತಿಕಾ ಹೊರಟಿದ್ದು ಸ್ಕಾಟ್‌ಲೆಂಡಿಗೆ, ನೇಯ್ಗೆಯ ವಿನ್ಯಾಸ ಓದಲು. ಮಗ್ಗದ ಮನೆಯ ಹುಡುಗಿ ಮಗ್ಗದ ವಿದ್ಯೆಯನ್ನೇ ಓದುತ್ತೇನೆ ಎಂದರೆ ಅಜ್ಜಿ ಹಿಗ್ಗಬೇಕಲ್ಲವೇ? ಅತ್ತೆ ಹಿಗ್ಗಲಿಲ್ಲ.

“ನೇಯೋದು ಕಲಿಯೋಕೆ ಸೀಮೆಗೆ ಹೋಗ್ಬೇಕಾ ಕಣ್ಣು? ಹಿತ್ತಲಲ್ಲಿ ನಿಮ್ಮ ತಾತನ ಗುಂಡಿಮಗ್ಗ ಇದೆ, ಇಳಿದು ಕೂತ್ಕೋ. ಅದಕ್ಕೆ ವೀಸಾ ಬೇಡ, ಕಾಲು ತೊಳ್ಕೊಂಡ್ರೆ ಸಾಕು.”

“ಅಜ್ಜೀ, ಅಲ್ಲಿ ಉಣ್ಣೆ ನೇಯ್ತಾರೆ. ಬೇರೆ ಥರ.”

“ಮೀನು ಮಾರ್ಕೆಟ್ಟು ಪಕ್ಕದಲ್ಲೇ ಇಟ್ಕೊಂಡು ಉಕ್ಕಡದವರು ಮೀನು ಕೊಳ್ಳೋಕೆ ಊಟಿಗೆ ಹೋದ ಹಾಗಾಯ್ತು!”

ಗಂಡನವರ ವಿಷಯ ಬೇರೆ. ಅವರಿಗೆ ವಿಷಯವೇ ತಡವಾಗಿ ಅರ್ಥವಾಗುತ್ತದೆ. ನಮ್ಮ ಕಡೆ ಮನೆತನದ ಹೆಸರು ಇಟ್ಟುಕೊಳ್ಳುವ ರೂಢಿಯಿಲ್ಲ. ಅಪ್ಪನ ಹೆಸರಿನ ಒಂದಕ್ಷರ ಮುಂದೆ ನಿಲ್ಲುತ್ತದೆ, ಅಷ್ಟೇ. ಪಾಸ್‌ಪೋರ್ಟಿನಲ್ಲಿ ಆ ಒಂದಕ್ಷರ ಹಿಗ್ಗಿ ಪೂರ್ತಿ ಗುರುಸಾಮಿಯಾಗಿ, ಮಗಳ ಹೆಸರಿನ ಹಿಂದೆ ಬಂದು ಕೂತಿತ್ತು. ಹಾಗಾಗಿ ಕಾಲೇಜಿನಿಂದ ಬಂದ ಮೇಲ್ ‘ಡಿಯರ್ ಮಿಸ್ ಗುರುಸಾಮಿ’ ಎಂದು ಶುರುವಾಗಿತ್ತು. ಬಂದದ್ದು ಇವರ ಫೋನಿಗೆ. ಇವರು ಅಂಗಡಿಯಿಂದಲೇ ನನಗೆ ಫೋನು ಮಾಡಿದರು.

“ಪಾಪಾತಿ, ಸ್ಕಾಟ್‌ಲೆಂಡಲ್ಲಿ ಯಾರೋ ನನ್ನನ್ನ ಮಿಸ್ ಮಾಡ್ತಾ ಇದಾರಂತೆ. ನನಗೆ ಯಾರೂ ಗೊತ್ತಿಲ್ಲಮ್ಮ, ಚೌಡಮ್ಮನ ಆಣೆ!”

ಅದು ಮಗಳಿಗೆ ಸೀಟು ಸಿಕ್ಕ ಪತ್ರವೆಂದು ತಿಳಿದ ಮೇಲೆ ಎರಡು ದಿನ ಸಂತೋಷಪಟ್ಟರು. ಮೂರನೆಯ ದಿನ “ಅವ್ವ ಏನಂತಾಳೋ” ಎಂದು ಪೆನ್ನಿಗೆ ಮುಚ್ಚಳ ಹಾಕಿದರು.

ಈ ನಡುವೆ ಇಂಗ್ಲಿಷ್ ಪರೀಕ್ಷೆ ಬೇರೆ. ಅದರಲ್ಲಿ ನಾಲ್ಕು ಭಾಗ. ಓದುವುದು, ಬರೆಯುವುದು, ಮಾತಾಡುವುದು ಮತ್ತು ಕೇಳುವುದು. ಕೇಳುವುದಕ್ಕೂ ಪರೀಕ್ಷೆಯಿದೆ ಎಂದು ಗೊತ್ತಾದಾಗ ನನಗೆ ಮೈ ಜುಮ್ಮೆಂದಿತು. ಮಗಳು ಫೋನಿನಲ್ಲಿ ಇಂಗ್ಲಿಷ್ ದೊರೆಗಳ ರೆಕಾರ್ಡು ಹಾಕಿಕೊಂಡು ಅಭ್ಯಾಸ ಮಾಡುವಾಗ ನಾನು ಪಕ್ಕದಲ್ಲೇ ಅವರೆಕಾಯಿ ಬಿಡಿಸುತ್ತಿದ್ದೆ. ನನ್ನ ಇಂಗ್ಲಿಷು ಅವಳ ಶಾಲೆಯ ಪುಸ್ತಕಗಳಿಂದಲೇ ಕದ್ದದ್ದು. ಆದರೂ ಲೈಬ್ರರಿ ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಮಿಸೆಸ್ ಯಾರೋ ಬಸ್ಸನ್ನು ಎಲ್ಲಿ ತಪ್ಪಿಸಿಕೊಂಡಳು ಎಂಬುದನ್ನೆಲ್ಲ ಅವಳಿಗಿಂತ ಮೊದಲು ನಾನು ಹೇಳುತ್ತಿದ್ದೆ. ಇಪ್ಪತ್ತಾರು ವರ್ಷ, ಮೂರು ಕೋಣೆಗಳಾಚೆಯಿಂದ, ಮಿಕ್ಸಿ ತಿರುಗುವಾಗಲೂ ಅತ್ತೆಯ ಗೊಣಗಾಟವನ್ನು ಅಕ್ಷರ ಬಿಡದೆ ಕೇಳಿಸಿಕೊಂಡ ಕಿವಿಯಿದು.

“ಅಮ್ಮಾ, ನೀನು ಬರೆದಿದ್ರೆ ಒಂಬತ್ತಕ್ಕೆ ಒಂಬತ್ತು,” ಎಂದಳು ಮಗಳು.

ಆ ಮಾತು ನನ್ನ ತಲೆಗೇರಿತು. ಅಲ್ಲೇ ನಾನು ಕೆಟ್ಟದ್ದು.

ವೀಸಾ ಕೇಂದ್ರಕ್ಕೆ ಸೋಮವಾರ ಹೋಗಬೇಕು. ಹಿಂದಿನ ಬುಧವಾರ ನಾನು ಒಪ್ಪಿಗೆ ಪತ್ರವನ್ನೂ ಪೆನ್ನನ್ನೂ ಹಿಡಿದು ಗಂಡನ ಮುಂದೆ ನಿಂತೆ. ಅವರು ಅವ್ವನ ಮುಖ ನೋಡಿದರು. ಅತ್ತೆ ಉಯ್ಯಾಲೆ ನಿಲ್ಲಿಸಿದರು. (ಆ ಉಯ್ಯಾಲೆ ನಿಂತರೆ ಮನೆಯಲ್ಲಿ ಗಡಿಯಾರವೂ ನಿಲ್ಲುತ್ತದೆ.)

“ನಾನ್ಯಾರು ಹೋಗು ಬೇಡ ಅನ್ನೋಕೆ? ಶುಕ್ರವಾರ ಚೌಡಮ್ಮನ ಹತ್ರ ಹೂ ಕೇಳೋಣ. ತಾಯಿ ಹೇಳಿದ್ದು ನಡೀಲಿ.”

“ಸೋಮವಾರ ಇವಳು ಹೋಗದಿದ್ರೆ ಈ ವರ್ಷ ಸೀಟು ಹೋಯ್ತು ಅತ್ತೆ.”

“ಶುಕ್ರವಾರ ಸೋಮವಾರಕ್ಕಿಂತ ಮುಂಚೆ ಬರುತ್ತೆ ತಾನೆ? ಇಲ್ಲಾ ನಿನ್ನ ಸ್ಕಾಟ್‌ಲೆಂಡಲ್ಲಿ ಬೇರೆ ಥರಾನಾ?”

ನಮ್ಮ ನೇಕಾರ ಮನೆಗಳಲ್ಲಿ ಹೂ ಕೇಳದೆ ಮದುವೆಯಿಲ್ಲ, ಮನೆ ಕಟ್ಟುವುದಿಲ್ಲ. ಬಾಳೆಲೆಯ ಎರಡು ಪೊಟ್ಟಣ. ಒಂದರಲ್ಲಿ ಬಿಳಿಯ ನಂದಿಬಟ್ಟಲು, ಇನ್ನೊಂದರಲ್ಲಿ ಕೆಂಪು ಕಣಗಿಲೆ. ಎರಡನ್ನೂ ದೇವಿಯ ಪಾದದಲ್ಲಿಟ್ಟು, ಮನೆಯ ಹಿರಿಯರು ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುತ್ತಾರೆ. ಏನೂ ಅರಿಯದ ಮಗುವೊಂದು ಒಂದು ಪೊಟ್ಟಣ ಎತ್ತುತ್ತದೆ. ಬಿಳಿ ಬಂದರೆ ತಾಯಿಯ ಒಪ್ಪಿಗೆ, ಕೆಂಪು ಬಂದರೆ ಇಲ್ಲ. ಮೇಲ್ಮನವಿ ಇಲ್ಲ.

ನನ್ನ ಮದುವೆಗೂ ಹೀಗೆಯೇ ಹೂ ಕೇಳಿದ್ದರಂತೆ. ತಾಯಿ ಮೊದಲ ಸಲಕ್ಕೇ ಕೊಟ್ಟಳಂತೆ. ಸಾರಿಗೆ ಉಪ್ಪು ಹೆಚ್ಚಾದರೂ, ತವರಿಗೆ ಎರಡು ದಿನ ಹೆಚ್ಚಿಗೆ ಹೋದರೂ, ಜಗಳದ ಕೊನೆಗೆ ನಾನು ತೆಗೆಯುವ ಬ್ರಹ್ಮಾಸ್ತ್ರ ಅದೇ: “ಚೌಡಮ್ಮ ಹೂ ಕೊಟ್ಟು ತಂದ ಸೊಸೆ ನಾನು, ನೆನಪಿರಲಿ!” ಅದನ್ನು ಕೇಳಿದರೆ ಅತ್ತೆ ತಟ್ಟನೆ ಸುಮ್ಮನಾಗಿಬಿಡುತ್ತಿದ್ದರು. ಭಕ್ತಿಯಿಂದ ಎಂದು ನಾನು ತಿಳಿದಿದ್ದೆ.

ಪೊಟ್ಟಣ ಕಟ್ಟುವುದು ಸೊಸೆಯ ಕೆಲಸ. ಶುಕ್ರವಾರ ಬೆಳಗ್ಗೆ ಸ್ನಾನ ಮಾಡಿ, ಹಿತ್ತಲಿಗೆ ಹೋಗಿ, ಬಿಳಿ ಹೂವನ್ನು ಬುಟ್ಟಿ ತುಂಬ ಬಿಡಿಸಿದೆ. ಕಣಗಿಲೆ ಗಿಡದ ಮುಂದೆ ನಿಂತೆ. ಮಗಳು ಮೂರು ತಿಂಗಳಿಂದ ಇಂಗ್ಲಿಷಿನಲ್ಲೇ ಕನವರಿಸುತ್ತಿದ್ದುದು ನೆನಪಾಯಿತು. ದಿನವೂ ದೀಪ ಹಚ್ಚುವವಳು ನಾನು. ಒಂದು ಶುಕ್ರವಾರವೂ ಉಪವಾಸ ತಪ್ಪಿಸಿದವಳಲ್ಲ. ಮನಸ್ಸಿನಲ್ಲೇ ದೇವಿಗೆ ಹೇಳಿದೆ: “ತಾಯೀ, ನಿನ್ನ ಮೇಲೆ ನಂಬಿಕೆ ಇಲ್ಲ ಅಂತ ಅಲ್ಲ. ನಿನಗೆ ಲೋಕದ ಕೆಲಸವೇ ಬೇಕಾದಷ್ಟಿದೆ. ಇದೊಂದು ನಾನು ನೋಡಿಕೊಳ್ಳುತ್ತೇನೆ.”

ಎರಡೂ ಪೊಟ್ಟಣಗಳಲ್ಲಿ ಬಿಳಿ ಹೂವನ್ನೇ ಕಟ್ಟಿದೆ.

ಗುಡಿಯಲ್ಲಿ ಪೂಜಾರಿ ಮುರುಗೇಶನ್ ಕರ್ಪೂರ ಹಚ್ಚಿದರು. ನೆಂಟರಲ್ಲಿ ಎಂಟು ಹತ್ತು ಜನ ಬಂದಿದ್ದರು. ಪೊಟ್ಟಣ ಎತ್ತಲು ನಾದಿನಿಯ ಮೊಮ್ಮಗಳು ಸತ್ಯಾ, ನಾಲ್ಕು ವರ್ಷದವಳು, ಮೂಗು ಒರೆಸಿಕೊಂಡು ತಯಾರಾಗಿ ನಿಂತಿದ್ದಳು. ಕಾರ್ತಿಕಾ ನೀಲಿ ಫೈಲನ್ನು ಎದೆಗವಚಿಕೊಂಡು ಕಂಬಕ್ಕೆ ಒರಗಿದ್ದಳು. ಅತ್ತೆ ಕೈಮುಗಿದು ದೇವಿಯ ಮುಂದೆ ಏನೋ ಹೇಳತೊಡಗಿದರು.

ಏನು ಹೇಳಿದರೆಂದು ನಾನು ಕೇಳಿಸಿಕೊಳ್ಳಲಿಲ್ಲ. ಹೂವನ್ನು ಕಂಡಾಗ ನಾನು ಹೇಗೆ ಆಶ್ಚರ್ಯಪಡಬೇಕು, ಕೈ ಮೊದಲು ಎದೆಗೋ ಕೆನ್ನೆಗೋ ಎಂದು ಅಭ್ಯಾಸ ಮಾಡಿಕೊಳ್ಳುತ್ತಿದ್ದೆ.

ಸತ್ಯಾ ಒಂದನ್ನು ಎತ್ತಿದಳು. ಮುರುಗೇಶನ್ ಬಿಚ್ಚಿದರು. ಬಿಳಿ!

“ತಾಯಿ ಹೂ ಕೊಟ್ಟಳು! ಕೊಟ್ಟುಬಿಟ್ಟಳು!” ನಾನು ಎದೆ, ಕೆನ್ನೆ ಎರಡಕ್ಕೂ ಕೈ ಇಟ್ಟೆ. ಸೆರಗಿನ ಗಂಟು ಬಿಚ್ಚಿ, ತಂದಿದ್ದ ಕಲ್ಲುಸಕ್ಕರೆಯನ್ನು ಎಲ್ಲರ ಕೈಗೂ ಹಾಕಿದೆ. ಯಾರೂ ಬಾಯಿಗೆ ಹಾಕಿಕೊಳ್ಳಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

“ಏನುಂಗ, ಸಿಹಿ ತಿನ್ನಿ,” ಎಂದೆ ಗಂಡನಿಗೆ.

“ಪಾಪಾತಿ... ಅವ್ವ ಏನಂತ ಕೇಳಿದ್ದು ನಿನಗೆ ಕೇಳಿಸಲಿಲ್ವಾ?”

“ಏನಂತ?”

ಅವರು ಪಿಸುಗುಟ್ಟಿದರು. “‘ತಾಯೀ, ಈ ಹೆಣ್ಣುಮಗು ಊರು ಬಿಡದೆ ನಮ್ಮ ಕಣ್ಣೆದುರಲ್ಲೇ ಇರಲಿ ಅನ್ನೋದಾದ್ರೆ ಬಿಳೀ ಹೂ ಕೊಡು’ ಅಂತ.”

ಒಂಬತ್ತಕ್ಕೆ ಒಂಬತ್ತು ತೆಗೆಯಬೇಕಾದ ಕಿವಿಗೆ ಬೇಕಾದ ಹೊತ್ತಿನಲ್ಲಿ ಸೊನ್ನೆ ಬಂದಿತ್ತು. ಎರಡು ಪೊಟ್ಟಣದಲ್ಲಿ ಯಾವುದನ್ನು ಎತ್ತಿದರೂ ಮಗಳು ಹೋಗದ ಹಾಗೆ ನಾನೇ, ನನ್ನ ಕೈಯಾರೆ, ಬಿಗಿಯಾಗಿ, ಬಾಳೆನಾರಿನಲ್ಲಿ ಕಟ್ಟಿಕೊಟ್ಟಿದ್ದೆ.

ಕಾರ್ತಿಕಾ ಅಳಲಿಲ್ಲ. ಫೈಲಿನ ಗುಂಡಿಯನ್ನು ಹಾಕಿದಳು. ಟಪ್ ಎಂದಿತು. “ಪರವಾಗಿಲ್ಲಮ್ಮಾ,” ಎಂದಳು.

ಆ ಟಪ್ ಎನ್ನುವ ಸದ್ದು ಮಾತ್ರ ನನಗೆ ಚೆನ್ನಾಗಿ ಕೇಳಿಸಿತು. ಮುಂದೆ ಹೋಗಿ, ದೇವಿಯ ಪಾದದಲ್ಲಿ ಉಳಿದಿದ್ದ ಪೊಟ್ಟಣವನ್ನು ಎತ್ತಿಕೊಂಡೆ.

“ಅಮ್ಮಣಿ, ಅದನ್ನ ಬಿಚ್ಚಬಾರದು!” ಎಂದರು ಮುರುಗೇಶನ್.

ಬಿಚ್ಚಿ ತಟ್ಟೆಗೆ ಸುರಿದೆ. ಅದೂ ಬಿಳಿ. ಮುರುಗೇಶನ್ ಕೈಯಲ್ಲಿದ್ದ ಗಂಟೆ ತಾನಾಗಿ ಒಮ್ಮೆ ಬಡಿಯಿತು.

“ನೋಡ್ಕೊಳ್ಳಿ ಎಲ್ರೂ. ಎರಡರಲ್ಲೂ ಬಿಳಿ. ಕಟ್ಟಿದ್ದು ನಾನೇ. ಇದು ತಾಯಿ ಕೊಟ್ಟ ಮಾತಲ್ಲ, ನಾನು ಕಟ್ಟಿದ ಮೋಸ. ತಪ್ಪು ನನ್ನದು, ದಂಡ ನಾನು ಕಟ್ತೀನಿ, ಆದ್ರೆ ಇವಳು ಸೋಮವಾರ ವೀಸಾಗೆ ಹೋಗ್ತಾಳೆ.”

“ಪಾಪಾತಿ, ಗುಡಿ ಇದು, ಮೆಲ್ಲಗೆ...” ಎಂದರು ಗಂಡ.

“ಮೆಲ್ಲಗೆ ಇಪ್ಪತ್ತಾರು ವರ್ಷ ಮಾತಾಡಿದೆ. ಅತ್ತೆ, ಮನೆಯಿಂದ ಆಚೆ ಹಾಕೋದಾದ್ರೆ ಹಾಕಿ. ಆದ್ರೆ ಅದಕ್ಕೂ ತಾಯೀನೇ ಕೇಳಬೇಕು. ಚೌಡಮ್ಮ ಹೂ ಕೊಟ್ಟು ತಂದ ಸೊಸೆ ನಾನು, ನೆನಪಿರಲಿ!”

ಬ್ರಹ್ಮಾಸ್ತ್ರ ಬಿಟ್ಟಾಯಿತು. ಎಂದಿನಂತೆ ಅತ್ತೆ ತಟ್ಟನೆ ಸುಮ್ಮನಾಗುತ್ತಾರೆಂದು ಕಾದೆ. ಅವರು ಸುಮ್ಮನಾಗಲಿಲ್ಲ. ಮೊದಲು ಭುಜ ಕುಲುಕಿತು, ಆಮೇಲೆ ಹೊಟ್ಟೆ. ನಗುತ್ತಿದ್ದರು!

“ಯಾವ ಹೂ ಕೊಟ್ಟಳೇ?”

“ಬಿಳಿ! ಇನ್ಯಾವುದು?”

“ಕೆಂಪು,” ಎಂದರು ಅತ್ತೆ.

ಸೆರಗಿನಿಂದ ಕಣ್ಣೊರೆಸಿಕೊಂಡು ಅವರೇ ಮುಂದುವರಿಸಿದರು.

“ನನಗೆ ನಮ್ಮಣ್ಣನ ಮಗಳು ರುಕ್ಮಣೀನ ತರೋ ಆಸೆ ಇತ್ತು. ನಿನ್ನ ಮದುವೆಗೆ ಹೂ ಕೇಳೋವಾಗ ಪೊಟ್ಟಣ ಕಟ್ಟಿದ್ದು ನಾನು. ಎರಡರಲ್ಲೂ ಕೆಂಪು ಇಟ್ಟೆ. ನಿಮ್ಮ ಮಾವ ಮಹರಾಯರು ತಾಯಿ ಮುಂದೆ ನಿಂತು ‘ಕುಂಕುಮದ ಬಣ್ಣ ಮಂಗಳ, ಕೆಂಪು ಬಂದ್ರೆ ಇದೇ ಹೆಣ್ಣು’ ಅಂದುಬಿಟ್ರು. ನನ್ನ ಕೈ ನೋಡಿ ಹೇಳಿದ್ರೋ, ಹಾಗೇ ಬಾಯಿಗೆ ಬಂತೋ, ಅವರು ಹೋಗೋವರೆಗೂ ಹೇಳಲಿಲ್ಲ. ನನಗೂ ಕೇಳೋಕೆ ಬಾಯಿ ಬರಲಿಲ್ಲ. ಕೇಳಿದ್ರೆ ಪೊಟ್ಟಣ ಬಿಚ್ಚಿದ ಹಾಗೆ ತಾನೆ? ಅದಕ್ಕೇ ಇವತ್ತು ಬೆಳಗ್ಗೆ ಗಿಡದಲ್ಲಿ ಒಂದೂ ಕಣಗಿಲೆ ಕಡಿಮೆಯಾಗದೇ ಇರೋದು ನೋಡಿ, ಅವರ ಪಾಠಾನೇ ನಿನಗೆ ಒಪ್ಪಿಸಿದೆ.”

“ರುಕ್ಮಣಿಯಾ?” ಎಂದರು ನನ್ನ ಗಂಡ. (ಉಕ್ಕಡದಲ್ಲಿ ಬೇಕರಿ ಇಟ್ಟಿದ್ದಾಳೆ. ಆ ದನಿಯಲ್ಲಿ ಕ್ರೀಮ್ ಬನ್ನಿನ ಮೃದುತ್ವವಿತ್ತು. ಅದರ ವಿಚಾರಣೆ ಮನೆಗೆ ಹೋದ ಮೇಲೆ ನಡೆಯಿತು.)

ಮುರುಗೇಶನ್ ಗಂಟಲು ಸರಿಮಾಡಿಕೊಂಡರು. “ದೋಷ ಕಳೆದು, ಸರಿಯಾಗಿ ಒಂದು ಬಿಳಿ ಒಂದು ಕೆಂಪು ಇಟ್ಟು, ಇನ್ನೊಂದು ಸಲ ಕೇಳೋಣುಂಗ...”

“ಬೇಡ ಸಾಮಿ,” ಎಂದರು ಅತ್ತೆ. “ಅತ್ತೆ ಒಂದು ಸಲ, ಸೊಸೆ ಒಂದು ಸಲ ಮೋಸ ಮಾಡಿದ ಮೇಲೆ ತಾಯಿ ಹತ್ರ ಮೂರನೇ ಸಲ ಕೇಳೋಕೆ ನನಗೆ ಮುಖ ಇಲ್ಲ. ನಾನು ಅವತ್ತು ಎರಡನೇ ಪೊಟ್ಟಣ ಬಿಚ್ಚಲಿಲ್ಲ. ಇವಳು ಬಿಚ್ಚಿದಳು.” ಮಗನ ಕಡೆ ತಿರುಗಿದರು. “ಗುರುಸಾಮಿ, ಹಾಕೋ ಸಹಿ. ಪೆನ್ನಿದೆಯಾ, ಅದನ್ನೂ ನಾನೇ ಕೊಡಬೇಕಾ?”

ಗಂಡ ದೇವಿಯ ಮುಂದೆಯೇ ಸಹಿ ಹಾಕಿದರು. ಅತ್ತೆ ಮೊಮ್ಮಗಳ ಕೆನ್ನೆ ಹಿಡಿದು, “ಉಣ್ಣೆ ನೇಯೋದು ಕಲಿತು ಬಂದು ನನಗೂ ತೋರಿಸು ಕಣ್ಣು. ಗುಂಡಿಮಗ್ಗ ಅಲ್ಲಿವರೆಗೆ ಹಾಗೇ ಇರುತ್ತೆ,” ಎಂದರು. ಆಗ ಕಾರ್ತಿಕಾ ಅತ್ತಳು.

ಸೋಮವಾರ ಹದಿನೇಳೂ ದಾಖಲೆ ಹೋದವು. ಐದನೆಯ ವಾರ ವೀಸಾ ಬಂತು. ಮಗಳು ಈಗ ಅಲ್ಲಿ ಕೈಗವಸು ಹಾಕಿಕೊಂಡೇ ಫೋನು ಮಾಡುತ್ತಾಳೆ. ನಾನು ಮಾತ್ರ ಮೋಸದ ದಂಡವಾಗಿ ನಲವತ್ತೆಂಟು ದಿನ ಬರಿಗಾಲಿನಲ್ಲಿ ನಡೆದು ಗುಡಿಗೆ ಹೂ ಕಟ್ಟಿಕೊಟ್ಟೆ. ಒಂದು ಬಿಳಿ, ಒಂದು ಕೆಂಪು, ಅತ್ತೆ ಪ್ರತಿದಿನ ಪರಿಶೀಲಿಸಿ. ಕಾಲಿಗೆ ಬೊಬ್ಬೆ ಬಂದದ್ದಕ್ಕೆ ಬೇಸರವಿಲ್ಲ. ಇನ್ನೊಂದು ಮಗಳಿದ್ದರೆ ಇನ್ನೊಂದು ಸಲ ಕಟ್ಟುತ್ತಿದ್ದೆ. ಆದರೆ ಆ ಸಲ ಪ್ರಶ್ನೆಯನ್ನು ಕಿವಿಗೊಟ್ಟು ಕೇಳುತ್ತಿದ್ದೆ.

ನಷ್ಟವಾದದ್ದು ಬೇರೆ. ನಿನ್ನೆ ಸಾರಿಗೆ ಉಪ್ಪು ಹೆಚ್ಚಾಯಿತು. ಮಾತಿಗೆ ಮಾತು ಬೆಳೆಯಿತು. ಅಭ್ಯಾಸಬಲದಿಂದ ಸೊಂಟಕ್ಕೆ ಕೈಯಿಟ್ಟು ನಿಂತೆ.

“ನೋಡಿ ಅತ್ತೆ, ನಾನು ಚೌಡಮ್ಮ ಹೂ ಕೊಟ್ಟು ತಂದ...”

ಉಯ್ಯಾಲೆ ನಿಲ್ಲಲಿಲ್ಲ. ಅದರ ಕಿರುಗುಟ್ಟುವಿಕೆಯ ನಡುವೆ ಎರಡೇ ಮಾತು ಸ್ಪಷ್ಟವಾಗಿ ಕೇಳಿಸಿತು:

“ಯಾವ ಬಣ್ಣ?”