ಐರಿಸ್ ಕೊಳದ ಹಲಗೆ ಸೇತುವೆ ಎರಡೂ ಕಡೆಯಿಂದ ತೆರೆದಿರಲಿ

ಇಂದ,
ತೊಮೊಯೆ ಇಕುಶಿಮಾ,
ನಿವೃತ್ತ ಹೊಲಿಗೆ ಶಿಕ್ಷಕಿ, ಮತ್ಸುಯೆ.

ಗೆ,
ಮಾನ್ಯ ವ್ಯವಸ್ಥಾಪಕರು,
ಉದ್ಯಾನ ಕಚೇರಿ.

ವಿಷಯ: ಐರಿಸ್ ಹೂವಿನ ಉತ್ಸವದಲ್ಲಿ ಹಲಗೆ ಸೇತುವೆಯನ್ನು ಏಕಮುಖ ಮಾಡದಿರುವ ಬಗ್ಗೆ.

ಉಲ್ಲೇಖ: ನಾವು ಬಿದ್ದ ಮರುದಿನ ತಾವು ಗೇಟಿಗೆ ಅಂಟಿಸಿದ, ಮುಂದಿನ ವರ್ಷದಿಂದ ಸೇತುವೆ ಏಕಮುಖ ಎಂಬ ಸೂಚನೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಭಾನುವಾರ ಸದರಿ ಸೇತುವೆಯ ಮೇಲೆ ಸಂಚಾರ ನಿಂತದ್ದು ನನ್ನಿಂದ ಮತ್ತು ನನ್ನ ತಂಗಿ ಚಿಸಾಟೊಳಿಂದ. ಅಮ್ಮನ ಅಂತ್ಯಕ್ರಿಯೆಗೆ ನಾನು ಗಂಭೀರ ಮುಖದ ಫೋಟೋ ಆರಿಸಿದ್ದೆ. ಅವಳು ಹಲ್ಲು ಕಾಣುವಂತೆ ನಕ್ಕ ಫೋಟೋ ಇಟ್ಟಳು. ಆದ್ದರಿಂದ ಏಳು ವರ್ಷ ಮಾತಿರಲಿಲ್ಲ. ಅಮ್ಮನಿಗೆ ಈ ಹೂವೆಂದರೆ ಪ್ರಾಣ. ಆದಕಾರಣ, ಒಬ್ಬರಿಗೊಬ್ಬರು ತಿಳಿಯದಂತೆ ಇಬ್ಬರೂ ಬಂದೆವು, ನಾನು ಪಶ್ಚಿಮದಿಂದ, ಅವಳು ಪೂರ್ವದಿಂದ.

2. ಹಲಗೆಯ ಅಗಲ ಒಬ್ಬರಿಗಷ್ಟೇ ಸಾಲುತ್ತದೆ. ಸೇತುವೆಯ ನಡುವೆ ಇಬ್ಬರೂ ಎದುರುಬದುರಾದೆವು.

"ಹಿಂದಕ್ಕೆ ಹೋಗು," ಎಂದೆ.

"ನೀನೇ ಹೋಗಕ್ಕ. ನನ್ನ ಹಿಂದೆ ಇಷ್ಟು ಜನ ಇದಾರೆ."

"ನನ್ನ ಹಿಂದೆ ಇಲ್ವಾ?"

ಕ್ಯಾಮೆರಾ ಹಿಡಿದಿದ್ದ ವೃದ್ಧರೊಬ್ಬರು ಕೂಗಿದರು: "ತಾಯಂದಿರಾ, ಹೂ ಬಾಡೋದ್ರೊಳಗೆ ಒಂದು ತೀರ್ಮಾನಕ್ಕೆ ಬನ್ನಿ!"

3. ತಮ್ಮ ಕಾವಲುಗಾರರು ಸೀಟಿ ಊದಿ, "ತಬ್ಕೊಂಡು ಅರ್ಧ ಸುತ್ತು ತಿರುಗಿಬಿಡಿ!" ಎಂದು ಮೌಖಿಕ ಆದೇಶ ನೀಡಿದರು. ಆದೇಶಕ್ಕೆ ತಲೆಬಾಗಿ ತಬ್ಬಿಕೊಂಡೆವು. ಅವಳು ತುಂಬ ಇಳಿದುಹೋಗಿದ್ದಳು. ಭುಜದ ಮೂಳೆ ಕೈಗೆ ಸಿಕ್ಕಿತು. ನಾನು ತಿರುಗುವುದನ್ನು ಮರೆತೆ. ಅವಳು ಮರೆಯಲಿಲ್ಲ. ಆದಕಾರಣ, ಇಬ್ಬರೂ ಕೊಳದ ಕೆಸರಿಗೆ ಬಿದ್ದೆವು.

4. ಕೆಸರಲ್ಲಿ ಕೂತೇ ಅವಳು, "ಅಮ್ಮ ನೋಡಿದ್ರೆ ಏನ್ ನಗ್ತಿದ್ಲು!" ಎಂದಳು.

"ಹೂಂ. ನೀನಿಟ್ಟ ಫೋಟೋದಲ್ಲಿ ನಕ್ಕ ಹಾಗೇ," ಎಂದೆ.

ಅವಳು ಕೆಸರುಗೈಯಲ್ಲೇ ಕಣ್ಣೊರೆಸಿಕೊಂಡು ಮುಖವನ್ನು ಇನ್ನಷ್ಟು ಕೆಡಿಸಿಕೊಂಡಳು.

5. ಕಾಲು ತೊಳೆದು ಚಹಾ ಕುಡಿಯುವಾಗ, "ಬರೋ ಜೂನ್‌ಗೆ ಜೊತೇಲೇ ಬರೋಣ," ಎಂದೆ.

"ಬೇಡಪ್ಪಾ! ಜೊತೇಲಿ ಬಂದ್ರೆ ಬಸ್ಸಲ್ಲೇ ಜಗಳ ಶುರು. ನೀನು ಆ ಕಡೆಯಿಂದ ಬಾ, ನಾನು ಈ ಕಡೆಯಿಂದ ಬರ್ತೀನಿ. ಮಧ್ಯ ಸಿಗೋಣ."

ಸೇತುವೆ ಏಕಮುಖವಾದರೆ ನಮ್ಮಲ್ಲೊಬ್ಬರು ಇನ್ನೊಬ್ಬರ ಬೆನ್ನು ನೋಡುತ್ತ ನಡೆಯಬೇಕಾಗುತ್ತದೆ. ಆ ಕೆಲಸವನ್ನು ನಾವು ಈಗಾಗಲೇ ಸಾಕಷ್ಟು ಮಾಡಿದ್ದೇವೆ. ಆದ್ದರಿಂದ ಸದರಿ ಸೂಚನೆಯನ್ನು ಹಿಂಪಡೆಯಬೇಕಾಗಿ ವಿನಂತಿ.

ಇಂತಿ, ಕೆಸರು ತೊಳೆದುಕೊಂಡ
ತಮ್ಮ ವಿಶ್ವಾಸಿ,
ತೊಮೊಯೆ ಇಕುಶಿಮಾ

ಅಡಕಗಳು:
1. ಚಿಸಾಟೊಳ ಒಪ್ಪಿಗೆ ಸಹಿ (ಬಿದ್ದದ್ದು ಅಕ್ಕನ ತಪ್ಪಿನಿಂದಲೇ ಎಂಬ ತಕರಾರಿನೊಂದಿಗೆ).
2. ಅಕ್ಕಿಹಿಟ್ಟಿನ ಮೋಚಿ ಸಿಹಿ, ಒಂದು ಪೆಟ್ಟಿಗೆ.

ವಿ.ಸೂ.: ನಮ್ಮಡಿ ಸಿಕ್ಕ ಗಿಡಗಳನ್ನು ಮತ್ತೆ ನೆಟ್ಟ ತೋಟದವರಿಗೇ ಪೆಟ್ಟಿಗೆಯನ್ನು ತಲುಪಿಸಬೇಕಾಗಿಯೂ, ಪರಿಶೀಲನೆಯ ನೆಪದಲ್ಲಿ ಕಚೇರಿಯಲ್ಲಿ ತೆರೆಯಬಾರದಾಗಿಯೂ ಕೋರಿದೆ.