ನಮ್ಮ ಚಳಿ, ಪಕ್ಕದ ಮನೆಯ ಸೆಕೆ

ಕತಾರಿನ ಚಳಿಯನ್ನು ನನ್ನ ಹೊಸಿಲಿನಿಂದಾಚೆ ಅಟ್ಟುವ ಭೀಷ್ಮಪ್ರತಿಜ್ಞೆಯನ್ನು ನಾನು ಒಂದು ಗುರುವಾರ ಸಂಜೆ, ಒಂದು ಕೈಯಲ್ಲಿ ಚಹದ ಲೋಟ, ಇನ್ನೊಂದು ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಕೈಗೊಂಡೆ.

"ನಾಳೆ ಊಟದ ಹೊತ್ತಿಗೆ ಈ ಮನೆಯಲ್ಲಿ ಯಾರಾದ್ರೂ ಚಳಿ ಅಂದ್ರೆ ನನ್ನ ಹೆಸರು ಲತೇಶ ಅಲ್ಲ!"

ಮಗುವಿನ ಕಾಲಿಗೆ ಎರಡನೇ ಜೊತೆ ಕಾಲುಚೀಲ ತೊಡಿಸುತ್ತಿದ್ದ ನನ್ನ ಹೆಂಡತಿ ಗ್ರೀಷ್ಮಾ ತಲೆಯೆತ್ತದೆಯೇ ಹೇಳಿದಳು: "ಬೇರೆ ಹೆಸರು ಈಗಲೇ ನೋಡಿ ಇಟ್ಕೊಳ್ಳಿ. ಮಗುವಿಗೆ ಅಂತ ಹುಡುಕಿದ್ದು ಸುಮಾರು ಉಳಿದುಂಟು."

"ಕತಾರಿನಲ್ಲಿ ಚಳಿಯಾ?" ಎಂದು ನೀವು ನಗುತ್ತಿದ್ದೀರಿ, ನನಗೆ ಗೊತ್ತು. ಊರಿನಲ್ಲೂ ಎಲ್ಲರೂ ನಕ್ಕಿದ್ದರು. ಬಾಣಂತನಕ್ಕೆಂದು ಮುಲ್ಕಿಯಿಂದ ಬಂದ ನನ್ನ ಅತ್ತೆ, ಮರುಭೂಮಿಯೆಂದರೆ ಬೆಂಕಿಯೆಂದು ನಂಬಿ ಬರೀ ತೆಳು ವಾಯಿಲ್ ಸೀರೆಗಳನ್ನು ತುಂಬಿಕೊಂಡು ಬಂದಿದ್ದರು. ಆದರೆ ಎರಡು ಸಾವಿರದ ಎಂಟರ ಆ ಜನವರಿಯಲ್ಲಿ ಬಡಗಣದಿಂದ ಬೀಸಿದ ಗಾಳಿ ಎಂಥದ್ದೆಂದರೆ, ಅತ್ತೆ ವಾಯಿಲ್ ಸೀರೆಯ ಮೇಲೆ ನನ್ನ ಆಫೀಸಿನ ಕೋಟು, ತಲೆಗೆ ಮೈಯೊರೆಸುವ ಬೈರಾಸು, ಕಾಲಿಗೆ ನನ್ನ ಫುಟ್‌ಬಾಲ್ ಸಾಕ್ಸ್ ಹಾಕಿಕೊಂಡು ಸೇನಾಧಿಪತಿಯ ಹಾಗೆ ಮನೆಯೊಳಗೆ ಓಡಾಡುತ್ತಿದ್ದರು. ನೆಲವೆಲ್ಲ ಮಾರ್ಬಲ್. ಬರಿಗಾಲು ಇಟ್ಟರೆ ಜೀವ ನೆತ್ತಿಗೆ ಏರುತ್ತಿತ್ತು. ಹೆಂಡತಿಯ ಹೆಸರೇನೋ ಗ್ರೀಷ್ಮಾ, ಕೈ ಮುಟ್ಟಿದರೆ ಹೇಮಂತ!

ನಗುವ ಮಾತು ಹಾಗಿರಲಿ. ನಮ್ಮ ಮೋಕ್ಷಾ ಹುಟ್ಟಿ ಆಗಷ್ಟೇ ತಿಂಗಳು ತುಂಬಿತ್ತು. ಅವಳ ಮೂಗಿನ ತುದಿ ಬೆಳಗಿನ ಹೊತ್ತು ತಣ್ಣಗಿರುತ್ತಿತ್ತು. ಅವಳು ಒಮ್ಮೆ ಸೀನಿದರೆ ಮನೆಯಲ್ಲಿ ಮೂವರ ಎದೆ ಒಟ್ಟಿಗೆ ಧಸಕ್ಕೆನ್ನುತ್ತಿತ್ತು. ಕೆಂಪಗೆ ಕಾಯುವ ಹೀಟರನ್ನು ಮಗುವಿನ ಹತ್ತಿರ ಇಡಲು ಗ್ರೀಷ್ಮಾ ಸುತರಾಂ ಒಪ್ಪಲಿಲ್ಲ.

ಉಳಿದದ್ದು ಮಹಡಿಯ ಮೇಲಿನ ಯಂತ್ರ. ದೋಹಾದ ಪಕ್ಕದ ಅಲ್ ರಯ್ಯಾನಿನಲ್ಲಿ ನಾವಿದ್ದ ದೊಡ್ಡ ವಿಲ್ಲಾವನ್ನು ನಡುವೆ ಗೋಡೆ ಹಾಕಿ ಎರಡು ಮನೆ ಮಾಡಿದ್ದರು. ಒಂದರಲ್ಲಿ ನಾವು. ಇನ್ನೊಂದರಲ್ಲಿ ಉಳ್ಳಾಲದ ಅನ್ಸಾರ್ ಭಾಯ್, ಅವರ ಹೆಂಡತಿ ಶಹನಾ, ಮಕ್ಕಳು, ಊರಿನಿಂದ ಬಂದಿದ್ದ ತಾಯಿ ಹಬೀಬಾ ಉಮ್ಮ. ಮಹಡಿಯ ಮೇಲೆ ಎರಡು ಭಾರೀ ಎಸಿ ಯಂತ್ರಗಳು, ಮನೆಗೊಂದು. ಬೇಸಿಗೆಯಲ್ಲಿ ತಣ್ಣನೆಯ ಗಾಳಿ, ಚಳಿಗೆ ಬಿಸಿ ಗಾಳಿ ಊದಬೇಕಾದವು. ಆದರೆ ಎರಡೂ ಮನೆಯ ಗೋಡೆಯ ಥರ್ಮೋಸ್ಟಾಟುಗಳು ಕೆಟ್ಟಿದ್ದವು. ಕೋಣೆಯ ಹವೆಯನ್ನು ನೋಡಿ ಯಂತ್ರಕ್ಕೆ 'ಏಳು', 'ಮಲಗು' ಎಂದು ಅಪ್ಪಣೆ ಕೊಡುವ ಪುಟ್ಟ ಡಬ್ಬಿಗಳವು. ನಮ್ಮ ಡಬ್ಬಿಗಳಿಗೆ 'ತಂಪು' ಎಂಬ ಒಂದೇ ಮಂತ್ರ ಬರುತ್ತಿತ್ತು. 'ಬಿಸಿ' ಎಂದರೆ ಮೌನವ್ರತ!

ಮನೆ ಮಾಲೀಕರ ಕಡೆಯ ಸಯೀದನಿಗೆ ಹೇಳಿದೆವು. "ಬುಕ್ರಾ, ಬುಕ್ರಾ" ಎಂದ. ನಾಳೆ, ನಾಳೆ ಎಂದರ್ಥ. ಆ ನಾಳೆಗಳಲ್ಲಿ ಚಳಿ ಇನ್ನಷ್ಟು ಬಲಿಯಿತು.

"ಬುಕ್ರಾ ಯಾಕೆ? ನಾನಿಲ್ವಾ?" ಎಂದೆ. ನಾನು ಎಸಿ ಬಿಡಿಭಾಗ ಮಾರುವ ಕಂಪೆನಿಯಲ್ಲಿ ಅಕೌಂಟೆಂಟ್. ಥರ್ಮೋಸ್ಟಾಟಿನ ಬಿಲ್ಲು ಎಷ್ಟು ಬರೆದಿಲ್ಲ ನಾನು! ಬಿಲ್ಲು ಹಿಡಿದವನಿಗೆ ಬಾಣ ಬಿಡಲು ಬಾರದೇ? ಪಕ್ಕದ ಮನೆಗೂ ಸೇರಿಸಿ ಎರಡು ಹೊಸ ಡಿಜಿಟಲ್ ಥರ್ಮೋಸ್ಟಾಟ್ ತಂದೇ ಬಿಟ್ಟೆ.

ಶುಕ್ರವಾರ ಬೆಳಿಗ್ಗೆ ಕಾರ್ಯಾರಂಭ. ಮಹಡಿಯಿಂದ ಇಳಿದ ವೈರುಗಳೆಲ್ಲ ಅಂಗಳದ ಗೋಡೆಯ ಒಂದೇ ಪೆಟ್ಟಿಗೆಗೆ ಬಂದು, ಅಲ್ಲಿಂದ ಎರಡು ಮನೆಗೂ ಒಡೆದು ಹೋಗುತ್ತಿದ್ದವು. ಮುಚ್ಚಳ ತೆಗೆದರೆ ಒಳಗೆ ಮರುಭೂಮಿಯ ಅರ್ಧ ಮರಳು! ಎಲ್ಲ ವೈರು ಬಿಡಿಸಿ, ಊದಿ, ಒರೆಸಿ, ಚೊಕ್ಕ ಮಾಡಿದೆ.

"ಲತೇಶಣ್ಣ, ಯಾವುದು ಎಲ್ಲಿತ್ತು ಅಂತ ನೆನಪುಂಟಲ್ಲ?" ಅನ್ಸಾರ್ ಭಾಯ್ ಮೆಲ್ಲಗೆ ಕೇಳಿದರು.

"ಬಣ್ಣ ಉಂಟಲ್ಲ ಮಾರಾಯ್ರೆ! ಕೆಂಪಿಗೆ ಕೆಂಪು, ಬಿಳಿಗೆ ಬಿಳಿ. ಸಣ್ಣ ಮಕ್ಕಳ ಆಟ."

ಕೆಂಪಿಗೆ ಕೆಂಪು ಸೇರಿತು, ಬಿಳಿಗೆ ಬಿಳಿ ಸೇರಿತು. ಗೋಡೆಗಳ ಮೇಲೆ ಹೊಸ ಡಬ್ಬಿಗಳು ಕುಳಿತವು. ಎರಡೂ ಮನೆಯಲ್ಲಿ ಇಪ್ಪತ್ತಾರು ಡಿಗ್ರಿಗೆ ಇಟ್ಟು ಗುಂಡಿ ಒತ್ತಿದೆ. ಮಹಡಿಯ ಮೇಲೆ ಯಂತ್ರಗಳು ಗುರ್ರೆಂದವು. ಚಾವಣಿಯ ಜಾಲರಿಯಿಂದ ಬಿಸಿ ಗಾಳಿ ಬಂತು!

ಅದೊಂದು ಗಳಿಗೆ ನಾನು ಚಕ್ರವರ್ತಿ. ಅತ್ತೆ ಕೋಟು ಕಳಚಿ, "ಅಳಿಯಂದಿರ ಕೈಗುಣ!" ಎಂದರು. ಪಕ್ಕದ ಮನೆಯಿಂದ ಶಹನಾ ಅಕ್ಕಿ ರೊಟ್ಟಿಯಂಥ ಪತ್ತಿರಿ, ಕೋಳಿ ಸಾರು ಕಳಿಸಿದರು. ಅನ್ಸಾರ್ ಭಾಯ್ ಜುಮ್ಮಾ ನಮಾಜಿಗೆ ಹೋಗುವಾಗ ನನಗೆ ಸಲಾಮು ಹೊಡೆದರು. ಗ್ರೀಷ್ಮಾ ಕೂಡ ಮಗುವಿನ ಒಂದು ಜೊತೆ ಕಾಲುಚೀಲ ತೆಗೆದಳು. ನನ್ನ ಪಾಲಿಗೆ ಅದು ಪದ್ಮಶ್ರೀ!

ಊಟ ಮುಗಿಯಿತು. ಅತ್ತೆ, "ಇನ್ನೊಂದು ಚೂರು ಬೆಚ್ಚಗಿದ್ರೆ ಮಗುವಿಗೆ ಎಣ್ಣೆ ಹಚ್ಬಹುದಿತ್ತು" ಎಂದರು. ಇನ್ನೊಂದು ಚೂರು ತಾನೇ? ಇಪ್ಪತ್ತೆಂಟಕ್ಕೆ ಏರಿಸಿದೆ.

ಸ್ವಲ್ಪ ಹೊತ್ತಿಗೆ ಅತ್ತೆ ಮತ್ತೆ ಕೋಟು ಹಾಕಿಕೊಂಡರು.

"ಎಂತದು ಇದು? ಏರಿಸಿದ ಮೇಲೆ ಕಮ್ಮಿ ಆದ ಹಾಗೆ ಕಾಣ್ತದೆ?" ಎಂದಳು ಗ್ರೀಷ್ಮಾ.

"ಹೊಸ ಮಿಷಿನ್ನು. ಹೊಂದಿಕೊಳ್ಳಲಿಕ್ಕೆ ಟೈಮ್ ಬೇಕು" ಎಂದು ಮೂವತ್ತಕ್ಕೆ ಏರಿಸಿದೆ.

ಜಾಲರಿಯಿಂದ ಬರುತ್ತಿದ್ದ ಬಿಸಿ ಗಾಳಿ ನಿಂತಿತು. ನಿಂತರೆ ಹಾಳಾಗಿ ಹೋಗಲಿ, ಆಮೇಲೆ ತಣ್ಣನೆಯ ಗಾಳಿ ಬೀಸತೊಡಗಿತು! ಡಬ್ಬಿಯ ಪರದೆಯ ಮೇಲೆ ಕೋಣೆಯ ಹವೆ ಇಳಿಯುತ್ತ ಹೋಯಿತು. ನಾನು ಏರಿಸಿದಷ್ಟೂ ಅದು ಇಳಿಯಿತು. ಕುರ್ಚಿ ಹತ್ತಿ ಜಾಲರಿಗೆ ಹಾಸಿಗೆ ಹೊದಿಕೆ ಕಟ್ಟಲು ನೋಡಿದೆ. ಹೊದಿಕೆ ಹಡಗಿನ ಹಾಯಿಯಂತೆ ಉಬ್ಬಿ ನನ್ನನ್ನೇ ಮುಚ್ಚಿತು.

ಆಗ ಮೋಕ್ಷಾ ಸೀನಿದಳು. ಒಂದಲ್ಲ, ಸಾಲಾಗಿ.

ಗ್ರೀಷ್ಮಾಳ ಮುಖ ಬಿಳುಚಿತು. ಮಗುವನ್ನು ಎದೆಗೆ ಒತ್ತಿ ಕಂಬಳಿಯೊಳಗೆ ಹೊಕ್ಕಳು. "ಅದನ್ನು ಬಂದ್ ಮಾಡಿ ಮಾರಾಯ್ರೆ, ದಮ್ಮಯ್ಯ!"

"ಬಂದ್ ಮಾಡಿದ್ರೆ ಇದ್ದ ಬಿಸಿಯೂ ಹೋಗ್ತದೆ!"

"ಯಾವ ಬಿಸಿ? ಎಲ್ಲುಂಟು ಬಿಸಿ?"

ಅಷ್ಟರಲ್ಲಿ ಯಾರೋ ಬಾಗಿಲು ಧಡಧಡನೆ ಬಡಿದರು. ಅನ್ಸಾರ್ ಭಾಯ್! ಆ ಚಳಿಯಲ್ಲಿ ಬರೀ ಬನಿಯನ್ನಿನಲ್ಲಿ ನಿಂತಿದ್ದರು. ಮೈಯೆಲ್ಲ ಬೆವರು. ಹೆದರಿಕೆಯ ಬೆವರೆಂದೇ ನಾನು ತಿಳಿದೆ.

"ಲತೇಶಣ್ಣ, ಗಾಡಿ ತೆಗೀರಿ! ಉಮ್ಮ ನಿದ್ದೆಯಿಂದ ಎದ್ದವರು ಬೆವರಿ ಒದ್ದೆ ಆಗಿದ್ದಾರೆ. ತಲೆ ತಿರುಗ್ತದೆ, ಎದೆ ಹೊಡ್ಕೊಳ್ತದೆ ಅಂತಾರೆ. ನನ್ನ ಗಾಡಿ ತಮ್ಮ ತಗೊಂಡು ಹೋಗಿದ್ದಾನೆ!"

ವಯಸ್ಸಾದವರು, ಬೆವರು, ಎದೆಬಡಿತ! ಹೃದಯಾಘಾತವೆಂಬ ಮಾತನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಈ ಕಡೆ ಸೀನುವ ಮಗು, ಆ ಕಡೆ ಬೆವರುವ ಉಮ್ಮ. ಗ್ರೀಷ್ಮಾಳನ್ನು ನೋಡಿದೆ.

"ಹೋಗಿ ಹೋಗಿ, ಮೊದಲು ಅವರನ್ನು ನೋಡಿ. ಮಗುವನ್ನು ನಾನು ನೋಡ್ಕೊಳ್ತೇನೆ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ಹಬೀಬಾ ಉಮ್ಮನನ್ನು ಚಳಿಗೆಂದು ಬೆಳಿಗ್ಗೆ ಹಾಕಿದ್ದ ಎರಡು ಸ್ವೆಟರ್ ಸಮೇತ ಹಿಂದಿನ ಸೀಟಿನಲ್ಲಿ ಕೂರಿಸಿದೆವು. ಶಹನಾ ಮಕ್ಕಳ ಜೊತೆ ಮನೆಯಲ್ಲೇ ಉಳಿದರು. ಶುಕ್ರವಾರ ಸಂಜೆಯ ಟ್ರಾಫಿಕ್ಕು ನಿಮಗೆ ಗೊತ್ತಲ್ಲ, ದೋಹಾದ ಕಾರುಗಳೆಲ್ಲ ಒಂದೇ ರೌಂಡ್‌ಅಬೌಟಿಗೆ ಪ್ರದಕ್ಷಿಣೆ ಬರುತ್ತಿದ್ದವು. ನಾನು ಹಾರ್ನಿನಿಂದ ಕೈ ತೆಗೆಯಲಿಲ್ಲ. ಅನ್ಸಾರ್ ಭಾಯ್ ತಾಯಿಯ ಕೈ ಹಿಡಿದು ಬಾಯೊಳಗೇ ದುವಾ ಹೇಳುತ್ತಿದ್ದರು. ಎಷ್ಟೋ ದೇವರ ಹೆಸರು ನನ್ನ ಬಾಯಿಗೂ ಬಂತು.

"ಕಿಟಕಿ ಸ್ವಲ್ಪ ತೆಗಿ ಮಗಾ" ಎಂದರು ಉಮ್ಮ, ಕ್ಷೀಣವಾಗಿ.

ತೆಗೆದೆ. ಗಾಳಿ ಚೂರಿಯ ಹಾಗೆ ನುಗ್ಗಿತು. ನನ್ನ ಹಲ್ಲು ಕಟಕಟಿಸಿತು. ಉಮ್ಮ, "ಆಹಾ" ಎಂದರು. ಮುಂದಿನ ಸಿಗ್ನಲಿನಲ್ಲಿ ಅವರ ದನಿಗೆ ಜೀವ ಬಂತು. ಅದರ ಮುಂದಿನದರಲ್ಲಿ, "ಒಂದು ಸುಲೈಮಾನಿ ಚಹಾ ಸಿಗ್ತದಾ ಇಲ್ಲಿ?" ಎಂದು ಕೇಳಿದರು. ಇಷ್ಟಾದರೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ. ಆ ಹೊತ್ತಿಗೆ ನನ್ನ ತಲೆಯಲ್ಲಿದ್ದದ್ದು ಭಯ ಮಾತ್ರ.

ತುರ್ತು ವಿಭಾಗದಲ್ಲಿ ಎದೆಗೆ ವೈರು ಅಂಟಿಸಿ ಇಸಿಜಿ ಕಾಗದ ತೆಗೆದರು. ರಕ್ತ ತೆಗೆದರು. ನಾನೂ ಅನ್ಸಾರ್ ಭಾಯ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಕುಳಿತೆವು. ಅವರ ಉಮ್ಮನಿಗೆ ಏನಾದರೂ ಆದರೆ, ನಮ್ಮ ಮೋಕ್ಷಾಳಿಗೆ ನ್ಯುಮೋನಿಯಾ ಆದರೆ, ಎಂದು ಲೆಕ್ಕ ಹಾಕುತ್ತ ಮೊಬೈಲನ್ನು ಕೈಯಲ್ಲಿ ತಿರುಗಿಸುತ್ತಿದ್ದೆ. ಮನೆಗೆ ಫೋನು ಮಾಡಲೂ ಧೈರ್ಯ ಬರಲಿಲ್ಲ.

ಕೊನೆಗೆ ಮಲಯಾಳಿ ಡಾಕ್ಟರೊಬ್ಬರು ಹೊರಗೆ ಬಂದು ಹಿಂದಿಯಲ್ಲಿ ಹೇಳಿದರು: "ಹೃದಯ ಗಟ್ಟಿಯಾಗಿದೆ. ಮೈಯಲ್ಲಿ ನೀರು ಕಡಿಮೆಯಾಗಿದೆ, ಅಷ್ಟೇ. ಅಲ್ಲ, ಈ ಚಳಿಯಲ್ಲಿ ಇವರನ್ನು ಎಲ್ಲಿ ಕೂರಿಸಿದ್ದಿರಿ? ರೊಟ್ಟಿ ಸುಡುವ ಒಲೆಯೊಳಗಾ?"

ಅನ್ಸಾರ್ ಭಾಯ್ ಅತ್ತೇಬಿಟ್ಟರು. ಕಣ್ಣೊರೆಸಿಕೊಂಡು ಹೇಳಿದರು: "ಮನೆಯೇ ಒಲೆ ಆಗಿತ್ತು ಡಾಕ್ಟ್ರೆ. ನಾನು ಇಳಿಸಿದಷ್ಟೂ ಅದು ಏರಿತು. ಕಡೆಗೆ ತಂಪಿಗೆ ಹಾಕಿ ಹದಿನೆಂಟಕ್ಕೆ ತಂದೆ. ಆದ್ರೂ ಬೆಂಕಿ!"

ಇಳಿಸಿದಷ್ಟೂ ಏರಿತು. ನಾನು ಏರಿಸಿದಷ್ಟೂ ಇಳಿದಿತ್ತು. ನನ್ನ ಬೆನ್ನಲ್ಲಿ ಒಂದು ಹನಿ ಬೆವರು, ಮೇಲಿನಿಂದ ಕೆಳಕ್ಕೆ, ಮೆಲ್ಲಗೆ ಇಳಿಯಿತು.

ಅದೇ ಹೊತ್ತಿಗೆ ಮೊಬೈಲು ಹೊಡೆದುಕೊಂಡಿತು. ಗ್ರೀಷ್ಮಾ!

"ಉಮ್ಮ ಹೇಗಿದ್ದಾರೆ?"

"ಚೆನ್ನಾಗಿದ್ದಾರೆ. ಹಾರ್ಟಿಗೆ ಎಂತದೂ ಇಲ್ಲ. ಮಗು?"

"ಆರಾಮ ನಿದ್ದೆ ಮಾಡ್ತಾ ಉಂಟು. ಮನೆ ಬೆಚ್ಚಗಾಗಿದೆ." ಮತ್ತೆ ಅವಳೇ ಕೇಳಿದಳು: "ಯಾರು ಸರಿ ಮಾಡಿದ್ದು ಅಂತ ಕೇಳುದಿಲ್ವಾ?"

"ಯಾರು?"

"ನಾನು ಮತ್ತೆ ಶಹನಾ! ಉಮ್ಮನ ವಿಷಯ ಕೇಳುವಾ ಅಂತ ಫೋನ್ ಮಾಡಿದೆ. ಅವ್ರು ಸೆಕೆ ಸೆಕೆ ಅಂದ್ರು, ನಾನು ಚಳಿ ಚಳಿ ಅಂದೆ. ಎಂತದೋ ಸಂಶಯ ಬಂತು. ನಾನು ನಮ್ಮದನ್ನು ಬಂದ್ ಮಾಡಿದೆ, ಅವರ ಮನೆಯ ಗಾಳಿ ನಿಂತಿತು! ಅವ್ರು ಅಲ್ಲಿ ಬಿಸಿಗೆ ಇಟ್ರು, ನಮ್ಮ ಮನೆಗೆ ಬಿಸಿ ಬಂತು! ಕೆಂಪಿಗೆ ಕೆಂಪು ಹೌದು ಮಾರಾಯ್ರೆ, ಆದ್ರೆ ಯಾರ ಕೆಂಪು?"

ಎರಡು ಮನೆಯ ವೈರುಗಳಿಗೂ ಒಂದೇ ಬಣ್ಣ. ನಮ್ಮ ಗೋಡೆಯ ಡಬ್ಬಿಗೆ ಅವರ ಯಂತ್ರ, ಅವರ ಡಬ್ಬಿಗೆ ನಮ್ಮ ಯಂತ್ರ! ಎರಡೂ ಕಡೆ ಇಪ್ಪತ್ತಾರು ಇದ್ದಷ್ಟು ಹೊತ್ತು ಯಾರಿಗೂ ಗೊತ್ತಾಗಲಿಲ್ಲ. ನಾನು ಏರಿಸಿದ್ದೆಲ್ಲ ಉಮ್ಮನ ತಲೆಯ ಮೇಲೆ ಸುರಿದಿತ್ತು. ಅವರು ಇಳಿಸಿದ್ದೆಲ್ಲ ನನ್ನ ಮಗಳ ತೊಟ್ಟಿಲಿಗೆ ಬಂದಿತ್ತು.

ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತು ಅನ್ಸಾರ್ ಭಾಯ್‌ಗೆ ಎಲ್ಲ ಹೇಳಿದೆ.

"ಅಂದ್ರೆ ನನ್ನ ಉಮ್ಮನನ್ನು ಬೇಯಿಸಿದ್ದು ನೀವು?"

"ಹೌದು. ನನ್ನ ಮಗಳನ್ನು ಫ್ರಿಜ್ಜಲ್ಲಿ ಇಟ್ಟದ್ದು ನೀವು."

"ವೈರು ಜೋಡಿಸಿದ್ದು ಯಾರು?"

"...ಅದೂ ನಾನೇ."

ಅವರು ಕೈಯೆತ್ತಿದರು. ಹೊಡೆಯುತ್ತಾರೆಂದು ನಾನು ಕಣ್ಣು ಮುಚ್ಚಿದೆ. ಕೈ ಬಂದು ಹೆಗಲ ಮೇಲೆ ಬಿತ್ತು. ನಗು ತಡೆಯಲಾಗದೆ ಅವರು ಗೋಡೆಗೆ ಒರಗಿದರು. "ಖಲಾಸ್, ಲತೇಶಣ್ಣ, ಖಲಾಸ್! ನೀವು ಬಿಲ್ಲೇ ಬರೀರಿ ಮಾರಾಯ್ರೆ!" ಎಂದರು. ನಾನೂ ನಕ್ಕೆ.

ಮರುದಿನ ಶನಿವಾರ, ರಜೆ. ಪಾಪಪರಿಹಾರಕ್ಕೆಂದು ಸ್ಕ್ರೂಡ್ರೈವರ್ ಹಿಡಿದು ಅಂಗಳದ ಪೆಟ್ಟಿಗೆಯ ಬಳಿಗೆ ಹೊರಟೆ. ಅಲ್ಲಿ ಆಗಲೇ ಕಾವಲು ಬಿದ್ದಿತ್ತು! ಈ ಕಡೆ ಗ್ರೀಷ್ಮಾ, ಅತ್ತೆ. ಆ ಕಡೆ ಶಹನಾ, ಸ್ವೆಟರ್ ಬಿಚ್ಚಿದ ಹಬೀಬಾ ಉಮ್ಮ.

"ಮುಟ್ಟಿದ್ರೆ ನೋಡಿ!" ಎಂದಳು ಗ್ರೀಷ್ಮಾ. "ಈಗ ಎಲ್ಲ ಸರಿ ಉಂಟು. ನಮಗೆ ಬೇಕಾದ್ರೆ ನಾನು ಶಹನಾಗೆ ಹೇಳ್ತೇನೆ, ಅವರಿಗೆ ಬೇಕಾದ್ರೆ ಅವ್ರು ನನಗೆ ಹೇಳ್ತಾರೆ."

ಉಮ್ಮ ಕೈ ಚಾಚಿ ಸ್ಕ್ರೂಡ್ರೈವರ್ ಇಸಿದುಕೊಂಡರು. ಅದು ಇಂದಿಗೂ ಅವರ ಮನೆಯಲ್ಲೇ ಇದೆ.

ವ್ಯವಸ್ಥೆ ಚೆನ್ನಾಗಿಯೇ ನಡೆಯಿತು. ಮಗು ಬೆಚ್ಚಗೆ ಮಲಗಿತು, ಉಮ್ಮ ತಂಪಾಗಿ ಉಳಿದರು. ಆದರೆ ಮುಂದಿನ ವಾರ ಆಫೀಸಿನಿಂದ ಸಿಡುಕಿಕೊಂಡು ಬಂದ ನಾನು, ಇಸ್ತ್ರಿಯಾಗದ ಒಂದು ಅಂಗಿಯ ನೆಪದಲ್ಲಿ ಗ್ರೀಷ್ಮಾಳ ಮೇಲೆ ದನಿ ಏರಿಸಿದೆ. ಅವಳು ಮೋಕ್ಷಾಳನ್ನು ಕಂಬಳಿಯಲ್ಲಿ ಸುತ್ತಿ ಅತ್ತೆಯ ಕೈಗಿಟ್ಟಳು.

"ಅಮ್ಮ, ಮಗುವನ್ನು ಎತ್ಕೊಂಡು ಸ್ವಲ್ಪ ಹೊತ್ತು ಶಹನಾಳ ಮನೆಗೆ ಹೋಗಿ. ನಾನೂ ಬಂದೆ."

ಆಮೇಲೆ ಫೋನು ಎತ್ತಿಕೊಂಡಳು.

"ಶಹನಾ, ಇವರಿಗೆ ಯಾಕೋ ಮಂಡೆ ಬಿಸಿ ಆಗಿದೆ. ಹದಿನೆಂಟಕ್ಕೆ ಇಳಿಸಿಬಿಡು!"