ಭಾಲ್ಕಿಯಲ್ಲಿ ಲಂಗರು ಹಾಕಿದ ಹಡಗು

ತಲೆ ಮೇಲೆ ಕೈ ಹೊತ್ತು ಕೂಡುವಂಥ ಪ್ರಸಂಗಗಳಿಗೆ ನನ್ನ ಅಂಗಡಿಯ ವಿಳಾಸ ಬಾಯಿಪಾಠವಾಗಿದೆ. ಬೀದರದಲ್ಲಿ ಬೇರೆ ಬೋರ್ಡ್ ಪೇಂಟರುಗಳೂ ಇದ್ದರು. ಅವರನ್ನೆಲ್ಲ ಫ್ಲೆಕ್ಸ್ ಮಷೀನು ನುಂಗಿತು. ನಾನೊಬ್ಬ ಮಾತ್ರ ಅದರ ಗಂಟಲಿಗೆ ಅಡ್ಡ ಸಿಕ್ಕೊಂಡೇನಿ. ನಾನು ಬರೆದ ಹುಲಿ ನೋಡಿ ಔರಾದ ಬಸ್‌ಸ್ಟ್ಯಾಂಡಿನ ನಾಯಿಗಳು ಮೂರು ದಿನ ಬೊಗಳಲಿಲ್ಲ. ಸುಳ್ಳು ಅನ್ನಿಸಿದರೆ ನಾಯಿಗಳನ್ನೇ ಕೇಳ್ರಿ.

೧. ಆಶಾದ ನಿಶಾನಿ

ಭಾಲ್ಕಿಯ ಸಾಹೇಬರೊಬ್ಬರು ದೂರದ ಬಂದರು ಪಟ್ಟಣವೊಂದರ ಹಡಗಿನಲ್ಲಿ ಮೂವತ್ತು ವರ್ಷ ಅಡುಗೆ ಮಾಡಿ, ಊರಿಗೆ ಮರಳಿ ಖಾನಾವಳಿ ತೆರೆದರು. ಆ ಪಟ್ಟಣದ ಲಾಂಛನವನ್ನೇ ಬೋರ್ಡಿನ ಮೇಲೆ ಬರೆಸಬೇಕೆಂದು ಅವರ ಹಟ. ಟ್ರಂಕಿನಿಂದ ಮಾಸಿದ ಬಾವುಟ ತೆಗೆದು ಬಿಚ್ಚಿದರು.

"ಪೇಂಟರ್ ಭಾಯಿ, ನೀಲಿ ಅಂದ್ರ ದರಿಯಾ. ಹಡಗ ಅಂದ್ರ ವ್ಯಾಪಾರ. ಈ ಲಂಗರು ಅಂದ್ರ ಆಶಾದ ನಿಶಾನಿ. ಚಲೋ ಬರದ್ರಿ ಅಂದ್ರ ಬೀದರ, ಔರಾದದಾಗ ತೆರಿಯೋ ಖಾನಾವಳಿ ಬೋರ್ಡೂ ನಿಮ್ಮವೇ. ಕೆಡಿಸಿದ್ರ ಫ್ಲೆಕ್ಸ್!"

ಆ ವರ್ಷ ನನಗೆ ಸಿಕ್ಕ ಬೋರ್ಡು ಅದೊಂದೇ. ಅದೂ ಹೋದರೆ ಕುಂಚ ಹಿಡಿದ ಕೈಗೆ ಸುಣ್ಣದ ಬಕೆಟ್ಟೇ ಗತಿ. ಆದರೂ ಎದೆಯುಬ್ಬಿಸಿ, "ಸಮುದ್ರ ನನಗೇನು ಹೊಸದೇನ್ರಿ?" ಎಂದೆ. ಕಾರಂಜಾ ಡ್ಯಾಮು ಎರಡು ಸಲ ನೋಡಿದ್ದೆನಲ್ಲ!

ಬೋರ್ಡು ಏರಿದ ಮರುದಿನವೇ ಖಟಕ ಚಿಂಚೋಳಿಯ ಹೆಣ್ಣುಮಗಳೊಬ್ಬಳು ಬಂದಳು. "ಸಾಹೇಬ್ರ, ಕೊಡ ಬಾವ್ಯಾಗ ಬಿದ್ದದರಿ. ನಿಮ್ಮ ಪಾತಾಳಗರಡಿ ಒಂದ್ ತಾಸು ಕೊಡ್ರಿ."

ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆ ನೋಡಿ ಬೆಳೆದವರಿಗೆ ಲಂಗರು ಮತ್ತೇನಾಗಿ ಕಾಣಬೇಕು?

"ಅದು ಗರಡಿ ಅಲ್ಲವ್ವಾ!" ಸಾಹೇಬರು ಅಳುವುದೊಂದು ಬಾಕಿ. "ಆಶಾದ ನಿಶಾನಿ ಅದು!"

"ಹೌದಲ್ರಿ, ನಾನೂ ಆಶಾ ಇಟಗೊಂಡೇ ಬಂದೇನಿ."

೨. ಹಡಗಿನ ಬೆನ್ನು

ಮೂರನೇ ದಿನ ಸಾಹೇಬರು ಚಷ್ಮಾ ಹಾಕಿಕೊಂಡು ಬೋರ್ಡು ನೋಡಿದರು. ನೋಡಿದವರು ಏಣಿಯ ಬುಡದಲ್ಲೇ ಕುಂತುಬಿಟ್ಟರು.

ತಪ್ಪು ನನ್ನದಲ್ಲ, ಕೈಯದು. ಆಯುಷ್ಯವೆಲ್ಲ ಲಾರಿಗಳ ಬೆನ್ನ ಮೇಲೆ ಬರೆದ ಕೈ. ಹಡಗಿನ ಬೆನ್ನು ಖಾಲಿ ಕಂಡದ್ದೇ ತಾನಾಗಿ ಓಡಿ 'ಹಾರ್ನ್ ಹೊಡಿ' ಎಂದು ಬರೆದಿತ್ತು. ಕೆಳಗೆ ಕೆಎ ೩೮ ನಂಬರು. ಮುಂದೆ, ದೃಷ್ಟಿ ತಾಗದಿರಲೆಂದು, ನಿಂಬೆಹಣ್ಣು ಮೆಣಸಿನಕಾಯಿ.

"ಭಾಯಿ, ದರಿಯಾದಾಗ ಹಾರ್ನ್ ಯಾರು ಹೊಡೀಬೇಕು? ಮೀನಾ?"

"ಹಿಂದ ಬರೋ ಹಡಗ ಹೊಡೀತದಲ್ರಿ," ಎಂದೆ. ಧೈರ್ಯಕ್ಕೆ ನನ್ನಲ್ಲಿ ಎಂದೂ ಕೊರತೆಯಿಲ್ಲ.

ಒಳಗೆ ಉಣ್ಣುತ್ತಿದ್ದ ಮೆಹಕರದ ಲಾರಿ ಡ್ರೈವರ್ ಎಂಜಲು ಕೈಯಲ್ಲೇ ಹೊರಗೆ ಬಂದ. ಬಹಳ ಹೊತ್ತು ಹಡಗು ನೋಡಿ, ಸಾಹೇಬರನ್ನು ಮೆಲ್ಲಗೆ ಬದಿಗೆ ಕರೆದ. "ನಂಬರು ನಮ್ಮ ಜಿಲ್ಲಾದ್ದೇ ಅದ, ಖರೆ. ಆದ್ರ ಪರ್ಮಿಟ್ ನೋಡ್ಕೊರಿ ಸಾಹೇಬ್ರ. ಮಹಾರಾಷ್ಟ್ರ ಬಾರ್ಡರದಾಗ ಹಿಡೀತಾರ."

೩. ಬಂದರಿನವರು ಬಂದರು

ಅಷ್ಟರಲ್ಲಿ ಸಾಹೇಬರ ಹಳೇ ಕಪ್ತಾನರು ಆ ಬಂದರು ಪಟ್ಟಣದಿಂದಲೇ ಭಾಲ್ಕಿಗೆ ಬರುವ ಸುದ್ದಿ ಬಂತು. "ಅವರದು ಅದೇ ಊರು. ಅವರು ನಕ್ಕರ ನಿಮ್ಮ ಬೋರ್ಡು ಇಳೀತದ, ನೋಡ್ರಿ," ಎಂದರು ಸಾಹೇಬರು. ಫ್ಲೆಕ್ಸಿನವನು ಅಳತೆ ಟೇಪು ಹಿಡಿದು ರಸ್ತೆಯಾಚೆ ನಿಂತೇಬಿಟ್ಟ, ಹೆಣ ಎತ್ತುವುದನ್ನು ಕಾಯುವವನ ಹಾಗೆ.

ಕಪ್ತಾನರು ಆಟೋದಿಂದ ಇಳಿದರು. ಬೋರ್ಡು ನೋಡಿದರು. ಟೋಪಿ ತೆಗೆದರು.

"ವಾಹ್!" ಎಂದರು. ಅವರ ಹಿಂದಿಯ ತಾತ್ಪರ್ಯ ಇಷ್ಟು: "ಇದು ಬೀದರದ ಲಾಂಛನವೇ? ಭಾಳ ಚಂದ. ನಮ್ಮೂರಿಗೂ ಇಂಥಾದೊಂದು ಇರಬೇಕಿತ್ತು."

ಅವರು ಉಂಡು ಹೋದ ಮೇಲೆ ಸಾಹೇಬರು ತಾವೇ ಏಣಿ ತಂದು ಬೋರ್ಡಿಗೆ ಒರಗಿಸಿದರು. "ಮೂವತ್ತು ವರ್ಷ, ಹಡಗ ಹತ್ತೋವಾಗೆಲ್ಲಾ ಆ ಝಂಡಾಕ್ಕ ಸಲಾಮ್ ಹೊಡದೇನಿ ಭಾಯಿ. ತಮ್ಮೂರಿಂದು ಅಂತ ಅವರಿಗೇ ಗೊತ್ತಿಲ್ಲ. ಎಲ್ಲಾ ಅಳಸ್ರಿ."

ಏಣಿ ಹತ್ತಿದೆ. ದರಿಯಾ ಹೋಯಿತು, ಹಡಗು ಹೋಯಿತು, ನಿಂಬೆಹಣ್ಣೂ ಹೋಯಿತು. ಕುಂಚ ಲಂಗರಿನ ಹತ್ತಿರ ಬಂದಾಗ ಸಾಹೇಬರು ಕೆಳಗಿನಿಂದ ಕೂಗಿದರು: "ಅದೊಂದ್ ಇರ್ಲಿ ಬಿಡ್ರಿ. ಅದನ್ನ ನೋಡಿ ಗರಡಿ ಕೇಳ್ಲಾಕ ಬಂದವ್ರೇ ಒಂದಿಬ್ಬರು ಉಂಡು ಹೋಗ್ತಾರ."

ಅದರ ಕೆಳಗೆ ನನ್ನಿಂದ ದಪ್ಪ ಅಕ್ಷರದಲ್ಲಿ ಬರೆಸಿದರು: 'ಇಲ್ಲಿ ಪಾತಾಳಗರಡಿ ಇಲ್ಲ. ಊಟ ಇದೆ.'

ಫ್ಲೆಕ್ಸಿನವನು ಟೇಪು ಸುತ್ತಿಕೊಂಡು ಹೋದ. ಬೀದರ, ಔರಾದದ ಬೋರ್ಡುಗಳೂ ನನಗೇ ಬಂದವು. ಅದೇ ಲಂಗರು, ಅದೇ ಸಾಲು. ಹನಿ ಉಪ್ಪುನೀರಿಲ್ಲದೆ ಮೂರು ಊರಿಗೆ ಲಂಗರು ಹಾಕಿದವನು ಈ ಭೂಮಿ ಮೇಲೆ ನಾನೊಬ್ಬನೇ.

ಔರಾದದಲ್ಲಿ ಕೊನೆಯ ಅಕ್ಷರ ತಿದ್ದುತ್ತಿದ್ದೆ. ಹೆಗಲ ಮೇಲೆ ಹಗ್ಗದ ಸುರುಳಿ ಹೊತ್ತ ಮುದುಕಿಯೊಬ್ಬಳು ಏಣಿ ಕೆಳಗೆ ನಿಂತು, ಬೋರ್ಡನ್ನು ಅಕ್ಷರ ಅಕ್ಷರ ಕೂಡಿಸಿ ಪೂರ್ತಿ ಓದಿದಳು. ಓದಿ ನನ್ನತ್ತ ಕತ್ತೆತ್ತಿದಳು.

"ಇವತ್ತಿಲ್ಲ ಅಂದ್ರ, ಯಾವತ್ತು ಬರ್ತದಪಾ ತಮ್ಮಾ?"